ಕಿಟ್ಟದ ದಿಬ್ಬ

ನನ್ನ ಮಗಳು ತೀರಿಕೊಂಡ ಮೇಲೆ ಎರಡು ಮಳೆಗಾಲ ಕಳೆದಿವೆ. ಈ ಸೀಮೆಯ ಕಲ್ಲುಮಣ್ಣಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವಳು ಹೇಳಿದ್ದು. ಅದಕ್ಕೂ ಮೊದಲು ನನಗೆ ಕಲ್ಲೆಂದರೆ ಒಳಕಲ್ಲು, ಬೀಸುಕಲ್ಲು, ಬಚ್ಚಲ ಕಲ್ಲು, ಅಷ್ಟೇ. ಬಾಗಲಕೋಟೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಯಜಮಾನರು ಬ್ಯಾಂಕಿನಲ್ಲಿದ್ದರು. ಹಳೇ ಊರಿನ ನಮ್ಮ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ವಿದ್ಯಾಗಿರಿಯಲ್ಲಿ ಕಟ್ಟಿಸಿಕೊಂಡೆವು. ಮಗಳು ಒಬ್ಬಳೇ.

ಅವಳು ಧಾರವಾಡದಲ್ಲಿ ಭೂವಿಜ್ಞಾನ ಓದಿದಳು. ಅಲ್ಲಿಗೇ ನಿಲ್ಲಿಸದೆ ಸಂಶೋಧನೆಗೆ ಸೇರಿಕೊಂಡು, ಹುನಗುಂದ, ಬಾದಾಮಿ ಕಡೆ ಹಿಂದಿನ ಕಾಲದಲ್ಲಿ ಕಬ್ಬಿಣ ತೆಗೆಯುತ್ತಿದ್ದ ಜಾಗಗಳನ್ನು ಹುಡುಕುವುದೇ ತನ್ನ ಕೆಲಸವೆಂದು ಆರಿಸಿಕೊಂಡಳು. ಬಂಧುಗಳಿಗೆ ಅದನ್ನು ತಿಳಿಸಿ ಹೇಳುವುದು ನನಗೆ ಕಷ್ಟವಾಗುತ್ತಿತ್ತು. ಮದುವೆಮನೆಗಳಲ್ಲಿ ಯಾರಾದರೂ ಕೇಳಿದರೆ ಕಾಲೇಜಿನಲ್ಲಿ ಇದ್ದಾಳೆ ಎಂದು ಮಾತು ಮುಗಿಸುತ್ತಿದ್ದೆ. ಇಷ್ಟೆಲ್ಲ ವಿಷಯ ಇರುವಾಗ ಇದೇ ಯಾಕೆ ಎಂದು ಒಮ್ಮೆ ಅಡುಗೆಮನೆಯಲ್ಲಿ ನಾನೂ ಕೇಳಿದ್ದೆ. ಅವಳು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಜನಾ ಬಾದಾಮಿಗೆ ಬರ್ತಾರ, ಪಟ್ಟದಕಲ್ಲಿಗೆ ಬರ್ತಾರ, ಗುಡಿ ನೋಡಿ ಹೋಗ್ತಾರ," ಅಂದಳು. "ಆ ಕಲ್ಲು ಕಡಿಲಿಕ್ಕೆ ಉಳಿ ಬೇಕಲ್ಲ ಅವ್ವಾ. ಅಷ್ಟು ಉಳಿ ಎಲ್ಲಿಂದ ಬಂದ್ವು ಅಂತ ಯಾರೂ ಕೇಳೂದಿಲ್ಲ."

ಬಾದಾಮಿಗೆ ಎಷ್ಟೋ ಸಲ ಮಕ್ಕಳ ಪ್ರವಾಸ ಕರೆದುಕೊಂಡು ಹೋದವಳು ನಾನು. ಉಳಿಯ ವಿಚಾರ ಒಮ್ಮೆಯೂ ತಲೆಗೆ ಬಂದಿರಲಿಲ್ಲ.

ಹುಡುಗಿ ಒಬ್ಬಳೇ ಗುಡ್ಡ ತಿರುಗುವುದು ಬೇಡ ಎಂಬುದು ಅವಳ ಅಪ್ಪನ ಷರತ್ತು. ಆಗಷ್ಟೇ ನಿವೃತ್ತಳಾಗಿದ್ದರಿಂದ ಜತೆಗೆ ಹೋಗುವ ಪಾಳಿ ನನ್ನದಾಯಿತು. ಬೆಳಿಗ್ಗೆ ಎದ್ದು ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ಸು ಹತ್ತುವುದು. ಅವಳ ಬೆನ್ನಿಗೊಂದು ಚೀಲ, ಅದರಲ್ಲಿ ಸುತ್ತಿಗೆ, ನೀರು, ಸೂಜಿಗಲ್ಲು. ಮೊದಮೊದಲು ಇದೊಂದು ಕರ್ತವ್ಯ ಎಂದುಕೊಂಡೇ ಹೋದೆ. ಆಮೇಲಾಮೇಲೆ ಶನಿವಾರವೇ ಅವಳನ್ನು ಕೇಳತೊಡಗಿದೆ, ನಾಳೆ ಎಲ್ಲಿಗೆ ಎಂದು.

ಬಾದಾಮಿಯ ಕೆರೆಯಾಚೆ ಒಂದು ಬಂಡೆಯ ಹತ್ತಿರ ಅವಳು ನನ್ನ ಕೈ ಹಿಡಿದು ಕಲ್ಲಿನ ಮೇಲೆ ಆಡಿಸಿದ್ದು ನೆನಪಿದೆ. ಹೊಳೆಯ ದಂಡೆಯ ಉಸುಕಿನಲ್ಲಿ ತೆರೆ ಮೂಡಿಸುವಂಥ ಸಣ್ಣ ಸಣ್ಣ ಏರಿಳಿತ ಅಲ್ಲಿತ್ತು. ಅದು ಖರೇನೇ ನೀರು ಹರಿದ ಗುರುತಂತೆ. ಬಾದಾಮಿಯ ಕೆಂಪು ಗುಡ್ಡವೆಲ್ಲ ಒಂದು ಕಾಲಕ್ಕೆ ನೀರಿನ ಅಡಿಯ ಉಸುಕಾಗಿತ್ತು, ಒಂದರ ಮೇಲೊಂದು ಪದರ ಕೂತು ಕಲ್ಲಾಯಿತು ಎಂದಳು. ಇಳಕಲ್ಲಿನ ಕೆಂಪು ಕಲ್ಲು ಹಾಗಲ್ಲ, ಅದು ಭೂಮಿಯ ಒಳಗೆ ಕರಗಿದ್ದು ನಿಧಾನಕ್ಕೆ ಆರಿ ಗಟ್ಟಿಯಾದದ್ದು. ಎಲ್ಲಕ್ಕಿಂತ ಹಿರಿಯವು ಹುನಗುಂದದ ಕಡೆಯ ಕಬ್ಬಿಣದ ಗುಡ್ಡಗಳು.

ಆ ಗುಡ್ಡಗಳನ್ನು ಬಸ್ಸಿನ ಕಿಟಕಿಯಿಂದ ನಾನು ಎಷ್ಟೋ ವರ್ಷ ನೋಡಿದ್ದೆ. ಬೋಳು, ಕರಿ ಕೆಂಪು, ಮಳೆಗಾಲದಲ್ಲೂ ಸರಿಯಾಗಿ ಹಸಿರಾಗದವು. ಹತ್ತಿರ ಹೋಗಿ ನೋಡಿದಾಗ ಕಲ್ಲಿನ ತುಂಬ ಪಟ್ಟೆಗಳಿದ್ದವು, ಒಂದು ಕೆಂಪು, ಒಂದು ಕಪ್ಪು, ಒಂದು ಬಿಳಿ, ಉಡುವ ಪಟ್ಟೆಪಟ್ಟೆ ಪತ್ತಲ ಮಡಿಕೆ ಹಾಕಿಟ್ಟ ಹಾಗೆ. ಆಗ ಭೂಮಿಯ ಮೇಲೆ ಉಸಿರಾಡುವ ಗಾಳಿಯೇ ಇರಲಿಲ್ಲ, ಸಮುದ್ರದ ನೀರಿನಲ್ಲಿ ಕಬ್ಬಿಣ ಉಪ್ಪಿನಂತೆ ಕರಗಿತ್ತು, ಕಣ್ಣಿಗೆ ಕಾಣದ ಜೀವಿಗಳು ಹುಟ್ಟಿ ಗಾಳಿ ಬಿಟ್ಟಾಗ ಆ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯಿತು ಎಂದು ಹೇಳಿದಳು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನ ಮಾತು. ಜೀವಮಾನವಿಡೀ ಮಕ್ಕಳಿಗೆ ಭೂತಕಾಲ ಕಲಿಸಿದ ನಾನು ಆ ಬಿಸಿಲಲ್ಲಿ ನಿಂತು ಅದನ್ನು ಊಹಿಸಲು ಹೋಗಿ ಸೋತೆ. ಅವಳು ನಕ್ಕಳು. ತನಗೂ ಅದು ಊಹೆಗೆ ನಿಲುಕುವುದಿಲ್ಲ, ಬರೆಯುವಾಗ ಸುಮ್ಮನೆ ಸೊನ್ನೆ ಹಾಕುತ್ತೇನೆ ಎಂದಳು.

ಹುನಗುಂದದಾಚೆಯ ಒಂದು ಹಳ್ಳಿಯಲ್ಲಿ ಅವಳಿಗೆ ಬೇಕಾದ್ದು ಸಿಕ್ಕಿತು. ಆ ಹಳ್ಳಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಊರ ಹೊರಗೆ, ಹಳ್ಳದ ಪಕ್ಕ, ಮನೆಯೆತ್ತರದ ಒಂದು ಕಪ್ಪು ದಿಬ್ಬ ಇತ್ತು. ಊರವರು ಅದಕ್ಕೆ ಕಿಟ್ಟದ ದಿಬ್ಬ ಎನ್ನುತ್ತಿದ್ದರು. ಅದಿರಿನಿಂದ ಕಬ್ಬಿಣ ಬೇರೆ ಮಾಡುವಾಗ ಉಳಿದು ಹರಿಯುವ ಹೊಲಸೇ ಕಿಟ್ಟ. ಆರಿದರೆ ಕಪ್ಪು ಗಾಜಿನಂಥ ಕಲ್ಲು. ದಿಬ್ಬ ಎಂದರೆ ಅಂಥ ಕಲ್ಲಿನ ರಾಶಿ. ಮೇಲೆ ಒಂದೆರಡು ಜಾಲಿ ಗಿಡ ಬಿಟ್ಟರೆ ಏನೂ ಬೆಳೆದಿರಲಿಲ್ಲ. ಕೆಲವು ತುಂಡುಗಳ ಮೇಲೆ ಪಾಕ ಹರಿದು ಆರಿದ ಹಾಗೆ ಸುಕ್ಕುಗಳಿದ್ದವು. ಕೆಲವಕ್ಕೆ ಬೆಂಕಿ ಊದುವ ತಿದಿಯ ಗಾಳಿ ಕುಲುಮೆಯ ಒಳಹೋಗಲು ಇಡುತ್ತಿದ್ದ ಮಣ್ಣಿನ ಕೊಳವೆಯ ಚೂರು ಅಂಟಿತ್ತು. ಅಂಥ ಮೊದಲ ಚೂರು ಸಿಕ್ಕಾಗ ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಅದರ ಒಳಗಿದ್ದ ಬೆರಳಿನ ಗುರುತು ತೋರಿಸಿದಳು. ಹಸಿ ಮಣ್ಣಿದ್ದಾಗ ಯಾರೋ ಒತ್ತಿದ್ದು.

ದಿಬ್ಬದ ಹತ್ತಿರ ಆಡು ಮೇಯಿಸುತ್ತಿದ್ದ ಒಬ್ಬ ಮುದುಕಿ ನಮ್ಮನ್ನು ನೋಡುತ್ತ ನಿಂತಿದ್ದಳು. ಕಂಬಾರರ ಮನೆಯ ಸೊಸೆಯಾಗಿ ಆ ಊರಿಗೆ ಬಂದವಳು. ಗಂಡ ತೀರಿಕೊಂಡಿದ್ದ. ಮಗ ಸೊಸೆ ಹೊಲದ ಕೆಲಸಕ್ಕೆ ಹೋಗುತ್ತಿದ್ದರು. ನನ್ನ ಮಗಳು ಅವಳನ್ನು ಆಯಿ ಎಂದು ಕರೆದಳು, ನಾನೂ ಹಾಗೇ ಕರೆದೆ. ನಾನು ಶಾಲೆಯವಳೆಂದು ಗೊತ್ತಾದ ಮೇಲೆ ಅವಳು ನನ್ನನ್ನು ಅಕ್ಕೋರೆ ಎಂದಳು, ಮಗಳನ್ನು ತಂಗಿ ಎಂದಳು.

"ಊರಿನ ಹೊಲಸೆಲ್ಲಾ ಇಲ್ಲಿ ಚೆಲ್ತಾರ," ಅಂದಳು ಆಯಿ. "ನಿನಗ ಈ ಸುಟ್ಟ ಕಲ್ಲಿನ್ಯಾಗ ಏನ ಕಾಣ್ತೈತಿ, ತಂಗಿ?"

"ನಿಮ್ಮ ಹಿರೇರು ಕಾಣ್ತಾರ್ರಿ ಆಯಿ," ಅಂದಳು ಮಗಳು.

ಆಯಿ ನಮ್ಮನ್ನು ಮನೆಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಟ್ಟಳು.

ಆವತ್ತಿನಿಂದ ನಾವು ಮತ್ತೆ ಮತ್ತೆ ಅಲ್ಲಿಗೆ ಹೋದೆವು. ಆಯಿಗೆ ತಾನು ಕಂಡದ್ದು ಸ್ವಲ್ಪ, ಅತ್ತೆ ಮಾವಂದಿರಿಂದ ಕೇಳಿದ್ದು ಇನ್ನಷ್ಟು ನೆನಪಿತ್ತು. ಅವಳು ಮದುವೆಯಾಗಿ ಬಂದಾಗ ಗಂಡನ ಅಜ್ಜಿ ಬದುಕಿದ್ದಳು, ಕಣ್ಣು ಹೋಗಿತ್ತು. ಆ ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ಕೊನೆಯ ಕುಲುಮೆ ಉರಿದದ್ದನ್ನು ನೋಡಿದ್ದಳಂತೆ. ಆಳೆತ್ತರದ ಮಣ್ಣಿನ ಗೂಡಿನಲ್ಲಿ ಒಂದು ಬುಟ್ಟಿ ಅದಿರು, ಒಂದು ಬುಟ್ಟಿ ಇದ್ದಲು ಸುರಿಯುತ್ತ, ಇಬ್ಬರು ಬಿಡುವಿಲ್ಲದೆ ತಿದಿ ಒತ್ತುತ್ತಿದ್ದರಂತೆ. ಕುಲುಮೆ ಹೊತ್ತಿಸಿದ ದಿನ ಹೆಂಗಸರು ಆ ಕಡೆ ಸುಳಿಯುವ ಹಾಗಿರಲಿಲ್ಲ. ಅಜ್ಜಿ ಬೇಲಿಯ ಸಂದಿನಿಂದ ನೋಡಿ ಏಟು ತಿಂದಿದ್ದಳು. ಸಂಜೆಗೆ ಗೂಡಿನ ಬಾಯಿ ಒಡೆದು ಒಳಗಿಂದ ಕೆಂಪಗೆ ಕಾದ ಒಂದು ಮುದ್ದೆ ಹೊರಗೆಳೆಯುತ್ತಿದ್ದರು. ಅದನ್ನು ಬಡಿದು ಬಡಿದು ಕಬ್ಬಿಣ ಮಾಡುವುದು. ನೇಗಿಲ ಕುಡ, ಕುಡಗೋಲು, ಉಳಿ ಎಲ್ಲ ಅದರಿಂದಲೇ.

ಮಗಳಿಗೆ ಕೇಳಿ ಕೇಳಿ ತೃಪ್ತಿಯಾಗುತ್ತಿರಲಿಲ್ಲ. ಹೊಗೆ ಯಾವ ಬಣ್ಣದ್ದು, ಇದ್ದಲು ಯಾವ ಗಿಡದ್ದು, ತಿದಿ ಯಾವ ತೊಗಲಿನದು. ಆಯಿಗೆ ಗೊತ್ತಿಲ್ಲದ್ದು ಬಹಳ ಇತ್ತು. ಗೊತ್ತಿಲ್ಲ ಎಂದೇ ಹೇಳುತ್ತಿದ್ದಳು.

ಆ ಕುಲುಮೆಗಳು ಯಾಕೆ ಆರಿದವು ಎಂಬುದನ್ನು ಮಗಳು ವಾಪಸು ಬರುವಾಗ ಬಸ್ಸಿನಲ್ಲಿ ಹೇಳುತ್ತಿದ್ದಳು. ಒಂದು ಮುದ್ದೆ ಕಬ್ಬಿಣಕ್ಕೆ ಗಾಡಿಗಟ್ಟಲೆ ಕಟ್ಟಿಗೆ ಬೇಕಿತ್ತು. ನೂರಾರು ವರ್ಷ ಗುಡ್ಡದ ಗಿಡಗಳನ್ನೆಲ್ಲ ಇದ್ದಲು ಮಾಡಿದ ಮೇಲೆ ಅಡವಿ ತೆಳ್ಳಗಾಯಿತು. ಉಳಿದ ಅಡವಿಗೆ ಬ್ರಿಟಿಷರ ಸರಕಾರ ಬೇಲಿ ಹಾಕಿತು. ಅಷ್ಟರಲ್ಲಿ ಹಡಗಿನಲ್ಲಿ, ರೈಲಿನಲ್ಲಿ ಹೊರಗಿನ ಕಬ್ಬಿಣ ಸೋವಿಗೆ ಬಂತು. ಕಂಬಾರರು ಸಂತೆಯಲ್ಲಿ ಪಟ್ಟಿ ಕೊಂಡು ತಂದು ಕಾಸಿ ಬಡಿಯುವುದಕ್ಕೆ ಇಳಿದರು. ಅದಿರಿನಿಂದ ಕಬ್ಬಿಣ ತೆಗೆಯುವುದು ಹೇಗೆಂದು ಎರಡು ತಲೆಮಾರಿನಲ್ಲಿ ಮರೆತೇಹೋಯಿತು.

ಆಮೇಲೆ ಬಹಳ ವರ್ಷಕ್ಕೆ ಅದೇ ಗುಡ್ಡಕ್ಕೆ ಗಣಿ ಬಂತು. ಆಗ ಆಯಿಗೆ ಪ್ರಾಯ. ಗಂಡಸರು ಗುಡ್ಡ ಸಿಡಿಸುತ್ತಿದ್ದರು, ಆಯಿಯಂಥ ಹೆಂಗಸರು ಸಾಲಾಗಿ ಕೂತು ಸುತ್ತಿಗೆಯಿಂದ ಅದಿರು ಒಡೆದು ಬುಟ್ಟಿ ತುಂಬುತ್ತಿದ್ದರು. ಸೀರೆ, ಕೂದಲು, ಉಗುಳು ಎಲ್ಲ ಕೆಂಪಾಗುತ್ತಿತ್ತಂತೆ. ಮೇಲಿನ ಒಳ್ಳೆ ಅದಿರು ಮುಗಿದ ಮೇಲೆ ಗಣಿ ನಡೆಸುವವರು ಬಿಟ್ಟುಹೋದರು. ಗುಡ್ಡದ ತಲೆ ಇದ್ದ ಜಾಗದಲ್ಲಿ ಈಗ ಒಂದು ಹೊಂಡ. ಮಳೆ ನೀರು ನಿಂತು ಹಸಿರಾಗಿದೆ. ಅದರ ದಂಡೆಯಲ್ಲಿ ಕೂತು ನಾವು ಮೂವರೂ ಒಮ್ಮೆ ರೊಟ್ಟಿ ತಿಂದಿದ್ದೇವೆ. ಅದಿರು ಒಡೆಯಲು ಕೂರುತ್ತಿದ್ದ ಜಾಗ ಯಾವುದೆಂದು ಮಗಳು ಕೇಳಿದಾಗ ಆಯಿ ನೀರಿನ ನಡುಮಧ್ಯಕ್ಕೆ ಬೆರಳು ತೋರಿಸಿದಳು.

ಮುಂದಿನ ಬೇಸಿಗೆಯಲ್ಲಿ ನನ್ನ ಮೊಣಕಾಲು ನೋವು ಜೋರಾಯಿತು. ಮಗಳು ಒಬ್ಬಳೇ ಹೋಗಿಬರತೊಡಗಿದಳು. ಆಯಿ ಇದ್ದಾಳಲ್ಲ ಎಂದು ಅವಳ ಅಪ್ಪನೂ ಒಪ್ಪಿದರು. ಆಗಲೇ ಅವಳ ಕಾಲಿನ ಮೇಲೆ ಅಲ್ಲಲ್ಲಿ ಹಸಿರುಗಟ್ಟಿದ ಕಲೆಗಳನ್ನು ನಾನು ನೋಡಿದ್ದು. ಕಿಟ್ಟದ ಕಲ್ಲು ತಾಗಿರಬೇಕು ಎಂದಳು. ಆ ಕಲ್ಲು ಅಂಥದ್ದೇ, ನನ್ನ ಕೈಯನ್ನೂ ಒಮ್ಮೆ ಕೊಯ್ದಿತ್ತು. ಬಂದ ಕೂಡಲೇ ಮಲಗುವುದು ಯಾಕೆಂದರೆ ಬಿಸಿಲಿಗೆ ದಣಿವು ಎಂದಳು. ಹತ್ತಿರದ ಡಾಕ್ಟರು ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ನಾವು ಮೂವರೂ ಊಟಕ್ಕೆ ಕೂತು ಅದಕ್ಕೆ ನಕ್ಕೆವು. ವಾರವಿಡೀ ಕಬ್ಬಿಣದ ಗುಡ್ಡ ತಿರುಗುವವಳಿಗೆ ಕಬ್ಬಿಣ ಕಡಿಮೆಯೇ ಎಂದು ಅವಳ ಅಪ್ಪ ಚೇಷ್ಟೆ ಮಾಡಿದರು. ಆ ಡಾಕ್ಟರನ್ನು ನಾನು ದೂರುವುದಿಲ್ಲ. ಎಲ್ಲರಿಗೂ ಮೊದಲು ಹಾಗೇ ಅನಿಸುತ್ತದಂತೆ.

ಜ್ವರ ಬಂತು, ಇಳಿಯಲಿಲ್ಲ. ಒಸಡಿನಲ್ಲಿ ರಕ್ತ ಕಂಡಿತು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು. ಹೇಳಿದ ಡಾಕ್ಟರು ನನ್ನ ಮಗಳಿಗಿಂತ ಸ್ವಲ್ಪವೇ ದೊಡ್ಡವಳು. ಹೇಳುವಾಗ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದಳು. ಯಜಮಾನರು ಆಯಿತು, ಆಯಿತು ಎಂದರು, ಬ್ಯಾಂಕಿನಲ್ಲಿ ಯಾರೋ ಬಂದು ಕೆಲಸ ಹೇಳಿದ ಹಾಗೆ.

ಆ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಔಷಧಿ ಏರಿಸುತ್ತಿದ್ದರು, ಅವಳು ವಾಂತಿ ಮಾಡುತ್ತಿದ್ದಳು, ಕೂದಲು ದಿಂಬಿನ ಮೇಲೆ ಉಳಿಯುತ್ತಿತ್ತು. ಒಂದು ಸಲ ರೋಗ ಹಿಮ್ಮೆಟ್ಟಿತು ಎಂದರು, ಮನೆಗೆ ಕರೆತಂದೆವು. ಆಗ ಅವಳು ಬಿಸಿಲಿಗೆ ಹಿತ್ತಿಲಲ್ಲಿ ಕೂತು, ತಾನು ತಂದಿಟ್ಟ ಕಲ್ಲುಗಳನ್ನು ಒರೆಸಿ ಒರೆಸಿ ಸಾಲಾಗಿ ಇಡುತ್ತಿದ್ದಳು. ಆಯಿಯನ್ನು ದಿಬ್ಬದ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆದಿದ್ದಳು. ಅದನ್ನು ಕಟ್ಟು ಹಾಕಿಸಿ ತಂದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಳಂತೆ. ಅಪ್ಪನನ್ನು ಕಳಿಸಿ ಕಟ್ಟು ಹಾಕಿಸಿದಳು. ಮುಂದಿನ ವಾರ ತಾನೇ ಹೋಗುತ್ತೇನೆ ಎಂದಳು. ಮುಂದಿನ ವಾರ ಜ್ವರ ತಿರುಗಿ ಬಂತು.

ಹುಬ್ಬಳ್ಳಿಯಲ್ಲಿ ಕೊನೆಯ ದಿನಗಳಲ್ಲಿ ಅವಳಿಗೆ ಮಾತು ಕಷ್ಟವಾಗುತ್ತಿತ್ತು. ಬಾಯೆಲ್ಲ ಹುಣ್ಣು. ಒಂದು ಮಧ್ಯಾಹ್ನ ನಾನು ಹತ್ತಿಯಿಂದ ತುಟಿ ಒದ್ದೆ ಮಾಡುತ್ತಿದ್ದಾಗ ಕಣ್ಣು ತೆರೆದು, "ಆಯಿಗೆ ಫೋಟೋ ಕೊಡೋದು ಉಳೀತು ಅವ್ವಾ," ಅಂದಳು.

ನೀನೇ ಕೊಡುವಿಯಂತೆ ಎಂದೆ. ಅವಳು ಇಲ್ಲವೆನ್ನುವಂತೆ ತಲೆಯಾಡಿಸಿದಳು, ನನ್ನ ಕೈಯನ್ನು ಹಿಡಿದುಕೊಂಡಳು. ಮೂರನೆಯ ದಿನ ಹೋದಳು. ಇಪ್ಪತ್ತಾರು ತುಂಬಿರಲಿಲ್ಲ.

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಯಜಮಾನರು ಅಳಲಿಲ್ಲ. ಬೆಳಿಗ್ಗೆ ಎದ್ದು ಚಹಾ ಮಾಡಿ ನನಗೊಂದು ಲೋಟ ಇಟ್ಟು, ತಾವು ಹಿತ್ತಿಲಿಗೆ ಹೋಗಿ ಕೂರುತ್ತಿದ್ದರು. ಅವಳ ಹೆಸರು ನನ್ನ ಬಾಯಲ್ಲಿ ಬಂದರೆ ಎದ್ದುಹೋಗುತ್ತಿದ್ದರು. ಅವಳ ಫೋನನ್ನು ಬಂದ್ ಮಾಡಿ ಕಪಾಟಿನಲ್ಲಿ ಇಟ್ಟರು. ಕಟ್ಟು ಹಾಕಿದ ಫೋಟೋ ಅದರ ಪಕ್ಕದಲ್ಲೇ ಇತ್ತು, ಅಂಗಡಿಯ ಕಾಗದ ಸುತ್ತಿಕೊಂಡು. ನಾನು ದಿನಾ ಅದನ್ನು ನೋಡುತ್ತಿದ್ದೆ. ಆ ಊರಿಗೆ ಹೋಗುವುದೆಂದರೆ ಆಯಿಗೆ ಸುದ್ದಿ ಹೇಳುವುದು. ಅಲ್ಲಿಯವರೆಗೆ ಭೂಮಿಯ ಮೇಲೆ ಒಂದು ಜಾಗದಲ್ಲಾದರೂ, ಒಬ್ಬಳ ಮನಸ್ಸಿನಲ್ಲಾದರೂ ನನ್ನ ಮಗಳು ಚೆನ್ನಾಗಿದ್ದಾಳೆ ಎಂದು ನನಗೆ ಅನಿಸುತ್ತಿತ್ತು. ಒಂದು ವರ್ಷಕ್ಕೂ ಹೆಚ್ಚು ಹೀಗೇ ಕಳೆಯಿತು.

ಕಡೆಗೆ ಒಂದು ದಿನ ಫೋಟೋ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಯಜಮಾನರಿಗೆ ಹುನಗುಂದಕ್ಕೆ ಹೋಗಿಬರುತ್ತೇನೆ ಎಂದಷ್ಟೇ ಹೇಳಿದೆ. ಅವರು ಯಾಕೆಂದು ಕೇಳಲಿಲ್ಲ.

ಹಳ್ಳಿಯ ಹತ್ತಿರ ರಸ್ತೆ ಅಗಲವಾಗಿತ್ತು. ಇಳಿದು ಹಳ್ಳದ ಕಡೆ ನಡೆದೆ. ದಾರಿ ತಪ್ಪಿದೆನೇನೋ ಅನಿಸಿತು. ಜಾಲಿ ಗಿಡಗಳಿಲ್ಲ. ದಿಬ್ಬ ಇಲ್ಲ. ಅದಿದ್ದ ಜಾಗದಲ್ಲಿ ಸಪಾಟು ನೆಲ, ಅಗೆಯುವ ಯಂತ್ರದ ಗಾಲಿಯ ಗುರುತು, ಕಪ್ಪು ಪುಡಿ. ರಸ್ತೆ ಏರಿಸಲು ತಗ್ಗಿಗೆ ಹಾಕುವುದಕ್ಕೆ ಗಟ್ಟಿ ಸಾಮಾನು ಬೇಕಾಗಿತ್ತು, ತುಂಬಿಕೊಂಡು ಹೋದರು ಎಂದು ಅಲ್ಲಿದ್ದ ಒಬ್ಬರು ಹೇಳಿದರು. ನಾನು ಬಂದ ಬಸ್ಸು ಅದರ ಮೇಲೇ ಹಾದು ಬಂದಿತ್ತು. ಊರಿನವರು ಅಡ್ಡಿ ಮಾಡಲಿಲ್ಲ. ಅವರಿಗೆ ಅದು ಹೊಲಸಿನ ದಿಬ್ಬ.

ಆಯಿ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಗೋಡೆ ಹಿಡಿದು ಎದ್ದು, ನನ್ನ ಬೆನ್ನ ಹಿಂದೆ ಬಾಗಿ ನೋಡಿದಳು.

"ತಂಗಿ ಎಲ್ಲಿ, ಅಕ್ಕೋರ? ಹಿಂದ ಬರಾಕತ್ತಾಳೇನು?"

ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ಕೈ ಹಿಡಿದು ಹಿತ್ತಿಲಿಗೆ ನಡೆಸಿಕೊಂಡು ಹೋದಳು. ದಾರಿಯುದ್ದಕ್ಕೂ ಮಾತು. ಯಂತ್ರದವರು ಬಂದಾಗ ತಾನು ಹೋಗಿ ಅಡ್ಡ ನಿಂತಳಂತೆ. ಓದುವ ಹುಡುಗಿ ಬರುವವಳಿದ್ದಾಳೆ, ಅವಳು ಬಂದು ನೋಡಿದ ಮೇಲೆ ಒಯ್ಯಿರಿ ಎಂದಳಂತೆ. ಅವರು ನಕ್ಕರಂತೆ. ಸೊಸೆಯ ಫೋನಿನಿಂದ ನನ್ನ ಮಗಳಿಗೆ ಎಷ್ಟು ಸಲ ಹಚ್ಚಿಸಿದರೂ ಬಂದ್ ಇದೆ ಎಂದೇ ಹೇಳುತ್ತಿತ್ತಂತೆ. ಆಮೇಲೆ ತಾನೇ ಬುಟ್ಟಿ ತೆಗೆದುಕೊಂಡು ಹೋಗಿ, ಯಂತ್ರ ನಿಂತ ಹೊತ್ತಿನಲ್ಲಿ ಆರಿಸಿ ಆರಿಸಿ ತಂದಳಂತೆ. ಹಿತ್ತಿಲ ಮೂಲೆಯಲ್ಲಿ, ಆಡುಗಳು ಮುಟ್ಟದ ಹಾಗೆ ಮುಳ್ಳು ಹಚ್ಚಿ, ಹಳೇ ಗೋಣಿಚೀಲ ಹೊದಿಸಿದ್ದಳು. ಗೋಣಿ ಸರಿಸಿದಳು. ಕಿಟ್ಟದ ಕಲ್ಲುಗಳು, ಕೊಳವೆಯ ಚೂರುಗಳು. ಒಂದು ಸಣ್ಣ ಗುಂಪೆ.

"ಕೊಳವಿ ಇದ್ದದ್ದ ಆಕಿಗಿ ಬೇಕಲ್ಲ, ಅದಕ್ಕ ಅಂಥಾವ ಹೆಚ್ಚಿಗಿ ತಂದೇನಿ," ಅಂದಳು. "ಕರೀರಿ ಆಕಿನ್ನ. ನೋಡ್ಲಿ."

ನಾನು ಅಲ್ಲೇ ನೆಲಕ್ಕೆ ಕೂತೆ. ಹೇಗೆ ಹೇಳಿದೆನೋ ನೆನಪಿಲ್ಲ. ಹೇಳಿದೆ.

ಆಯಿ ಅಳಲಿಲ್ಲ. ಮೊದಲು ಅವಳಿಗೆ ಸಿಟ್ಟು ಬಂತು. "ಇಷ್ಟ ದಿನಾ ಯಾಕ ಹೇಳಲಿಲ್ರಿ ನನಗ? ಬಸ್ ಬಂದಾಗೊಮ್ಮಿ ನೋಡೇನಿ ನಾ. ಇಳಿಯೂ ಮಂದೀನ ನೋಡೇನಿ." ಆಮೇಲೆ ಅವಳೂ ಪಕ್ಕದಲ್ಲಿ ಕೂತಳು. ಬಹಳ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಕೊನೆಗೆ ಮೆಲ್ಲಗೆ ಕೇಳಿದಳು, "ಇನ್ನ ಇದನ್ನ ಏನ ಮಾಡ್ಲಿ, ಅಕ್ಕೋರ?"

ಸಂಜೆಯ ಬಸ್ಸಿಗೆ ಬಂದುಬಿಟ್ಟೆ. ಫೋಟೋ ಕೊಟ್ಟು ಬಂದೆ. ಅವಳು ಅದರಲ್ಲಿ ತನ್ನ ಮುಖ ನೋಡಲಿಲ್ಲ. ಹಿಂದಿದ್ದ ದಿಬ್ಬದ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು.

ಆ ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಎಲ್ಲ ಹೇಳಿದೆ. ಎದ್ದುಹೋದರೆ ಹೋಗಲಿ ಎಂದುಕೊಂಡೇ ಹೇಳಿದೆ. ಅವರು ಏಳಲಿಲ್ಲ. ರೊಟ್ಟಿ ಮುರಿದ ಕೈ ಹಾಗೇ ನಿಂತಿತ್ತು. ಗುಂಪೆ ಎಷ್ಟು ದೊಡ್ಡದಿದೆ ಎಂದು ಕೇಳಿದರು. ಕೈಯಿಂದ ಅಳತೆ ತೋರಿಸಿದೆ. ಮಳೆ ಬಿದ್ದರೆ ಏನಾಗುತ್ತದೆ ಎಂದು ಕೇಳಿದರು. ಏನೂ ಆಗುವುದಿಲ್ಲ, ಅದು ನೂರಾರು ವರ್ಷ ಮಳೆಯಲ್ಲೇ ಇದ್ದದ್ದು ಎಂದೆ. ಆಮೇಲೆ ಅವರು ತಟ್ಟೆಯನ್ನು ನೋಡುತ್ತ ಅಂದರು, "ನನ್ನೂ ಕರಕೊಂಡು ಹೋಗು."

ಮರುವಾರ ಇಬ್ಬರೂ ಹೋದೆವು. ಮಗಳಿಗೆ ಕಲಿಸಿದ ಪ್ರಾಧ್ಯಾಪಕರಿಗೆ ಮೊದಲೇ ಫೋನು ಮಾಡಿದ್ದೆ. ದಿಬ್ಬ ಹೋಯಿತೆಂದು ಹೇಳಿದೆ. ಎಲ್ಲಿಂದ ಎತ್ತಿದ್ದೆಂದು ಗೊತ್ತಿಲ್ಲದ ತುಂಡುಗಳಿಂದ ಹೆಚ್ಚೇನೂ ತಿಳಿಯದು, ಆದರೂ ಕೊಳವೆಯ ಕೆಲವು ಚೂರು ಕಳಿಸಿಕೊಡಿ, ಅವಳ ಹೆಸರಿನಲ್ಲಿ ವಿಭಾಗದಲ್ಲಿ ಇಡುತ್ತೇವೆ ಎಂದರು. ಅವಳ ಕೆಲಸ ಅರ್ಧಕ್ಕೇ ನಿಂತಿತ್ತು. ಅದನ್ನು ಮುಂದುವರಿಸುವವರು ಯಾರೂ ಸಿಕ್ಕಿರಲಿಲ್ಲ.

ಆಯಿ ನಮ್ಮನ್ನು ಹಿತ್ತಿಲಲ್ಲಿ ಕೂರಿಸಿದಳು. ಚೂರುಗಳನ್ನು ನಾನು ಹಳೆಯ ಪತ್ತಲದ ತುಂಡಿನಲ್ಲಿ ಸುತ್ತಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದೆ. ಯಜಮಾನರು ಗುಂಪೆಯ ಮುಂದೆ ನಿಂತು ಒಂದೊಂದೇ ಕಲ್ಲನ್ನು ಎತ್ತಿ ನೋಡಿ ಮತ್ತೆ ಅದೇ ಜಾಗಕ್ಕೆ ಇಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಆಯಿಯ ಕಡೆ ತಿರುಗಿ, ನನ್ನ ಮಗಳು ಇಲ್ಲಿ ಬಂದು ಏನು ಮಾಡುತ್ತಿದ್ದಳು ಎಂದು ಕೇಳಿದರು. ಅವಳನ್ನು ಮಗಳು ಎಂದು ಅವರು ಬಾಯಿಬಿಟ್ಟು ಹೇಳಿದ್ದು ಅಷ್ಟು ದಿನಗಳಲ್ಲಿ ಅದೇ ಮೊದಲು.

ಅವರಿಗೆ ಏನು ಬೇಕಾಗಿತ್ತೆಂದು ನನಗೆ ಆಗ ತಿಳಿಯಿತು. ನಮ್ಮಿಬ್ಬರ ಕಣ್ಣ ಮುಂದೆ ಉಳಿದಿದ್ದವಳು ದವಾಖಾನೆಯ ಹಾಸಿಗೆಯಲ್ಲಿದ್ದ ಹುಡುಗಿ. ಎಷ್ಟು ಪ್ರಯತ್ನಿಸಿದರೂ ಅವಳನ್ನು ದಾಟಿ ಹಿಂದಕ್ಕೆ ಹೋಗಲು ಆಗುತ್ತಿರಲಿಲ್ಲ. ಈ ಮುದುಕಿ ಆ ಹಾಸಿಗೆಯನ್ನು ಕಂಡಿರಲಿಲ್ಲ. ಅವಳ ಕಣ್ಣಲ್ಲಿ ಇದ್ದವಳು ದಿಬ್ಬ ಹತ್ತುತ್ತಿದ್ದವಳು.

ಆಯಿ ಹೇಳತೊಡಗಿದಳು. ಒಬ್ಬಳೇ ಬಂದ ದಿನ ಬೇವಿನ ಗಿಡದ ಕೆಳಗೆ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದಳಂತೆ. ನುಚ್ಚು, ಮಜ್ಜಿಗೆ ಕೊಟ್ಟರೆ ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದಳಂತೆ. ಮನೆಯಲ್ಲಿ ನುಚ್ಚೆಂದರೆ ಮೂಗು ಮುರಿಯುತ್ತಿದ್ದವಳು. ಕಲ್ಲಿಗೆ ಕಟ್ಟಿದ ಚೀಟಿಯನ್ನು ಆಡು ತಿಂದುಹಾಕಿದಾಗ ಆ ಆಡಿನ ಮುಂದೆ ಕೂತು, ಹೊಟ್ಟೆಯಲ್ಲಿರುವುದನ್ನು ಓದಿ ಹೇಳು ಎಂದು ಜಗಳ ಮಾಡಿದಳಂತೆ. ಒಂದು ಸಲ ದಿಬ್ಬದಿಂದ ಜಾರಿ ಕೆಳಗಿನವರೆಗೂ ಕೂತೇ ಬಂದು, ಎದ್ದೇಳಲಾರದಷ್ಟು ನಕ್ಕಳಂತೆ.

"ಮತ್ತ?" ಎಂದರು ಯಜಮಾನರು.

ಆಯಿ ಸ್ವಲ್ಪ ನೆನಪು ಮಾಡಿಕೊಂಡಳು. "ನಿಮ್ಮ ಸುದ್ದೀನೂ ಹೇಳ್ತಿದ್ದಳ್ರಿ. ನಾ ಬಸ್ ಇಳಿದ ಕೂಡ್ಲೆ ನಮ್ಮಪ್ಪ ಅಲ್ಲೇ ನಿಂತಿರ್ತಾನ, ಕಾಯಿಪಲ್ಲೆ ತರಾಕ ಬಂದಿದ್ದೆ ಅಂತಾನ, ಖರೆ ನನ್ನ ಹಾದಿ ಕಾಯಾಕ ಬಂದಿರ್ತಾನ, ಅಂತಿದ್ದಳು. ನಗ್ತಿದ್ದಳು."

ಯಜಮಾನರು ಮುಖ ತಿರುಗಿಸಿದರು. ಸಂಜೆ ಹೊತ್ತಿಗೆ ಸ್ಕೂಟರ್ ತೆಗೆದುಕೊಂಡು ಅವರು ಕಾಯಿಪಲ್ಲೆಗೆ ಹೋಗುತ್ತಿದ್ದುದು ನನಗೂ ಗೊತ್ತಿತ್ತು. ಬದನೆಕಾಯಿ ಒಣಗಿ ಕೊಳೆಯುವಷ್ಟು ತರುತ್ತಿದ್ದರು. ಅದರ ಕಾರಣ ಮಗಳಿಗೂ ಗೊತ್ತಿತ್ತೆಂದು ಅವರಿಗೆ ತಿಳಿದಿರಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತರು. ಅವರ ಬೆನ್ನು ಅಲುಗುವುದನ್ನು ನಾನು ನೋಡಿದೆ. ಎದ್ದು ಹತ್ತಿರ ಹೋಗಲಿಲ್ಲ. ಒಳಗಿನಿಂದ ಅವಳ ಸೊಸೆ ನೀರು ತಂದಿಟ್ಟು ಸದ್ದಿಲ್ಲದೆ ಹೋದಳು.

ಬಸ್ಸಿನ ಹೊತ್ತಾಗುತ್ತಿತ್ತು. ಯಜಮಾನರು ಮುಖ ತೊಳೆದುಕೊಂಡು ಬಂದು ಆಯಿಯ ಎದುರು ನೆಲದ ಮೇಲೆ ಕೂತರು, ಶಾಲೆಯ ಮಕ್ಕಳು ಕೂರುವ ಹಾಗೆ, ಕಾಲು ಮಡಚಿ.

"ಮತ್ತ?" ಎಂದರು.

ಆಯಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಬಹಳ ಹೊತ್ತು ಯೋಚಿಸಿದಳು. ಏನಾದರೂ ಸಿಕ್ಕೀತೆಂದು ನಾನೂ ಅವಳ ಮುಖವನ್ನೇ ನೋಡುತ್ತಿದ್ದೆ.

"ಅಷ್ಟ ನೋಡ್ರಿ," ಅಂದಳು. "ನಾ ಆಕಿನ್ನ ನೋಡಿದ್ದ ಅಷ್ಟ."